ಊರಿನ ಮಕ್ಕಳನ್ನು ನಶೆಯಿಂದ ದೂರ ಇಡುವುದು ಹೇಗೆ? ಜಾಥಾ ಮುಗಿದ ಮೇಲೆ ಮಾಡುವ ಕೆಲಸ

ಮಾದಕ ವಸ್ತು ವಿರೋಧಿ ದಿನವಾದ ಜೂನ್ 26 ಬಂತೆಂದರೆ ಹೈಸ್ಕೂಲ್ ಮಕ್ಕಳ ಕೈಗೆ ಫಲಕ ಕೊಟ್ಟು ಬಸ್ ಸ್ಟ್ಯಾಂಡ್‌ವರೆಗೆ ನಡೆಸುತ್ತೇವೆ. ಘೋಷಣೆ, ಪ್ರತಿಜ್ಞೆ, ಒಂದು ಗ್ರೂಪ್ ಫೋಟೊ. ಸಂಜೆ ಅದೇ ರಸ್ತೆಯ ಅಂಗಡಿಯಲ್ಲಿ ಪಾನ್ ಮಸಾಲದ ಸರ ಎಂದಿನಂತೆ ನೇತಾಡುತ್ತಿರುತ್ತದೆ. ಜಾಥಾ ಬೇಡ ಅಂತಲ್ಲ. ಆದರೆ ಸಿಗರೇಟ್ ಕೆಟ್ಟದ್ದು ಅನ್ನುವುದು ಎಂಟನೇ ಕ್ಲಾಸಿನ ಹುಡುಗನಿಗೂ ಗೊತ್ತು. ಅವನಿಗೆ ಗೊತ್ತಿಲ್ಲದಿರುವುದು, ಸ್ಕೂಲ್ ಬಿಟ್ಟ ಮೇಲೆ ಕತ್ತಲಾಗುವ ತನಕ ಏನು ಮಾಡಬೇಕು ಅನ್ನುವುದು.

ಐಸ್‌ಲ್ಯಾಂಡ್ ಅನ್ನುವ ಪುಟ್ಟ ದೇಶ ಈ ಸಂಜೆಯನ್ನೇ ಹಿಡಿದುಕೊಂಡು ಕೆಲಸ ಮಾಡಿತು. 1998ರಲ್ಲಿ ಅಲ್ಲಿನ 15–16ರ ವಯಸ್ಸಿನವರಲ್ಲಿ ಶೇ 42ರಷ್ಟು ಮಂದಿ ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದರು. 2016ರ ಹೊತ್ತಿಗೆ ಅದು ಶೇ 5ಕ್ಕೆ ಇಳಿಯಿತು. ಸರ್ಕಾರದ ದುಡ್ಡಿನಲ್ಲಿ ಮಕ್ಕಳಿಗೆ ಆಟ, ಸಂಗೀತ. ಇಂತಿಷ್ಟು ಹೊತ್ತಿಗೆ ಮಕ್ಕಳು ಮನೆ ಸೇರಬೇಕು ಎಂದು ಅಪ್ಪ–ಅಮ್ಮಂದಿರ ನಡುವೆ ಒಪ್ಪಂದ. ಜೊತೆಗೆ ಏನು ನಡೆಯುತ್ತಿದೆ ಎಂದು ಮಕ್ಕಳನ್ನೇ ಆಗಾಗ ಕೇಳುವ ಸಮೀಕ್ಷೆ. ನಮ್ಮ ಗ್ರಾಮ ಪಂಚಾಯಿತಿಗೆ ಅಷ್ಟು ದುಡ್ಡಿಲ್ಲ, ನಿಜ. ದಾರಿಯನ್ನಂತೂ ಕಡ ತರಬಹುದು, ಅಲ್ವಾ?

ಮೊದಲು ಐದಾರು ಜನ ಸೇರಿ

ಆಶಾ ಕಾರ್ಯಕರ್ತೆ, ಹೈಸ್ಕೂಲಿನ ಪಿಟಿ ಮೇಷ್ಟ್ರು, ಸ್ತ್ರೀಶಕ್ತಿ ಸಂಘದ ಒಬ್ಬರು, ಪಂಚಾಯಿತಿ ಲೈಬ್ರರಿ ಅಂದರೆ ಅರಿವು ಕೇಂದ್ರ ನೋಡಿಕೊಳ್ಳುವವರು, ಪಿಯುಸಿ ಓದುವ ಒಬ್ಬ ಹುಡುಗ, ಒಬ್ಬ ಹುಡುಗಿ. ಇಷ್ಟು ಸಾಕು. ಮುಂದಿನ ಚುನಾವಣೆಗೆ ನಿಲ್ಲುವವರನ್ನು ಅಧ್ಯಕ್ಷರನ್ನಾಗಿ ಮಾಡಿಕೊಳ್ಳಬೇಡಿ. ಫ್ಲೆಕ್ಸ್ ದೊಡ್ಡದಾಗುತ್ತದೆ, ಕೆಲಸ ಚಿಕ್ಕದಾಗುತ್ತದೆ.

ಸಂಜೆ ಹೊತ್ತು ಊರು ಸುತ್ತಿ ನೋಡಿ

ಸ್ಕೂಲ್ ಬಿಡುವ ಹೊತ್ತಿನಿಂದ ರಾತ್ರಿ ಎಂಟರವರೆಗೆ ಮಕ್ಕಳು ಎಲ್ಲೆಲ್ಲಿ ಇರುತ್ತಾರೆ ಎಂದು ಒಂದು ವಾರ ಗಮನಿಸಿ. ಬಸ್ ಶೆಲ್ಟರ್, ಕೆರೆ ಏರಿ, ಬೀಗ ಹಾಕಿದ ಗೋದಾಮಿನ ಹಿಂಬದಿ, ಅರ್ಧಕ್ಕೆ ನಿಂತ ಕಟ್ಟಡ. ಒಂದು ಹಾಳೆಯಲ್ಲಿ ಊರಿನ ನಕ್ಷೆ ಬರೆದು ಗುರುತು ಹಾಕಿ. ಬೀದಿ ದೀಪ ಎಲ್ಲಿಲ್ಲ ಅನ್ನುವುದನ್ನೂ ಬರೆದುಕೊಳ್ಳಿ.

ನೆಲವನ್ನೂ ನೋಡಿ. ಸಿಗರೇಟ್ ತುಂಡು, ಖಾಲಿ ಟೆಟ್ರಾ ಪ್ಯಾಕ್ ಎಲ್ಲರ ಕಣ್ಣಿಗೂ ಬೀಳುತ್ತವೆ. ವೈಟ್ನರ್ ಬಾಟಲಿ, ಹಿಂಡಿ ಬಿಸಾಕಿದ ಪಂಕ್ಚರ್ ಸೊಲ್ಯೂಷನ್ ಟ್ಯೂಬ್, ಅದರ ಪಕ್ಕ ಮುದುಡಿದ ಪ್ಲಾಸ್ಟಿಕ್ ಕವರ್ ಕಂಡರೆ ಜಾಸ್ತಿ ಹುಷಾರಾಗಬೇಕು. 2019ರಲ್ಲಿ ಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚಾಗಿರುವ ನಶೆ ಇದೊಂದೇ, ಹೀಗೆ ಮೂಸಿ ಎಳೆದುಕೊಳ್ಳುವುದು. ದೊಡ್ಡವರಲ್ಲಿ ಶೇ 0.58, ಮಕ್ಕಳಲ್ಲಿ ಶೇ 1.17. ಸ್ಟೇಷನರಿ ಅಂಗಡಿಯಲ್ಲೇ ಸಿಗುವ ವಸ್ತುವಾದ್ದರಿಂದ ಮನೆಯವರಿಗೆ ಅನುಮಾನವೇ ಬರುವುದಿಲ್ಲ.

ಯಾವ ಮಗುವಿನ ಫೋಟೊವನ್ನೂ ತೆಗೆಯಬೇಡಿ. ಊರಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫೋಟೊ ಹೋದರೆ ಆ ಹುಡುಗ ಮತ್ತೆ ನಿಮ್ಮ ಹತ್ತಿರ ಸುಳಿಯುವುದಿಲ್ಲ.

ಅಂಗಡಿಯವರ ಜೊತೆ ಮಾತಾಡಿ

ಮೊದಲ ಸಲ ಪೊಲೀಸರನ್ನು ಕರೆದುಕೊಂಡು ಹೋಗಬೇಡಿ. ಅಂಗಡಿಯವರೂ ಊರಿನವರೇ, ಅವರಿಗೂ ಮಕ್ಕಳಿದ್ದಾರೆ. ಕಾನೂನು ಏನು ಹೇಳುತ್ತದೆ ಎಂದು ತಿಳಿಸಿ. ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. ಕರ್ನಾಟಕದಲ್ಲಿ ಈಗ ತಂಬಾಕು ಕೊಳ್ಳಲು 21 ವರ್ಷ ತುಂಬಿರಬೇಕು. ಬಿಡಿ ಸಿಗರೇಟ್ ಮಾರಾಟವೂ ನಿಷೇಧ. 18ರೊಳಗಿನ ಮಗುವಿಗೆ ಮದ್ಯ, ತಂಬಾಕು ಅಥವಾ ಮಾದಕ ವಸ್ತು ಕೊಟ್ಟರೆ ಬಾಲ ನ್ಯಾಯ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಗುಟ್ಕಾ ರಾಜ್ಯದಲ್ಲಿ 2013ರಿಂದಲೇ ಬಂದ್ ಆಗಿದೆ. ಆದರೆ ಅಂಗಡಿಗೆ ಹೋಗಿ ನೋಡಿ. ಪಾನ್ ಮಸಾಲದ್ದೊಂದು ಪೊಟ್ಟಣ, ತಂಬಾಕಿನದ್ದೊಂದು ಚಿಕ್ಕ ಪೊಟ್ಟಣ, ಎರಡನ್ನೂ ಜೊತೆಗೇ ಕೊಡುತ್ತಾರೆ. ಹುಡುಗ ಒಂದರ ಬಾಯಿ ಹರಿದು ಇನ್ನೊಂದರೊಳಗೆ ಸುರಿದು, ಎರಡು ಬೆರಳಲ್ಲಿ ಹಿಡಿದು ಕುಲುಕುತ್ತಾನೆ. ಅಲ್ಲಿಗೆ ಗುಟ್ಕಾ ತಯಾರು. ಮಾತಿಗೆ ಬಗ್ಗದ ಅಂಗಡಿ ಇದ್ದರೆ ಆಗ ಪಂಚಾಯಿತಿಗೆ, ಬೀಟ್ ಪೊಲೀಸರಿಗೆ ಲಿಖಿತ ದೂರು ಕೊಡಿ. ಗಾಂಜಾ ಮಾರುವವರ ವಿಷಯವೇ ಬೇರೆ, ಅವರ ಎದುರು ನೀವು ನಿಲ್ಲಲು ಹೋಗಬೇಡಿ. ಮಾದಕ ವಸ್ತು ತಡೆಯುವ ಸರ್ಕಾರಿ ಸಹಾಯವಾಣಿ 1933ಕ್ಕೆ ಫೋನ್ ಮಾಡಿ, ಹೆಸರು ಹೇಳದೆಯೂ ಮಾಹಿತಿ ಕೊಡಬಹುದು.

ಅಪ್ಪಂದಿರನ್ನು ಹಿಡಿಯಿರಿ

ಇದೇ ಕಷ್ಟದ ಹೆಜ್ಜೆ. ಪೋಷಕರ ಸಭೆ ಕರೆದರೆ ಬರುವವರು ಅಮ್ಮಂದಿರು. ಅಪ್ಪಂದಿರು ಸಭೆಗೆ ಬರುವುದಿಲ್ಲ ಅಂದರೆ ಅವರಿರುವ ಕಡೆಗೇ ಸಭೆ ಹೋಗಬೇಕು. ಹಾಲಿನ ಡೇರಿ ಮುಂದೆ ಕ್ಯಾನ್ ಹಿಡಿದು ನಿಂತಾಗ ಹತ್ತು ನಿಮಿಷ ಸಿಗುತ್ತದೆ. ಭಾಷಣ ಬೇಡ. ಒಂದೇ ಕೋರಿಕೆ ಇಡಿ: 'ಮಕ್ಕಳನ್ನು ಬೀಡಿ, ಸಿಗರೇಟ್, ಎಲೆ–ಅಡಿಕೆ ತರೋಕೆ ಅಂಗಡಿಗೆ ಕಳಿಸಬೇಡಿ ಅಣ್ಣಾ.' ಚಿಲ್ಲರೆ ಉಳಿದರೆ ಚಾಕ್ಲೇಟ್ ತಗೋ ಅಂತ ಕಳಿಸಿದ ಹುಡುಗನಿಗೆ ಆ ಅಂಗಡಿಯ ಪರಿಚಯ ಮಾಡಿಕೊಟ್ಟವರು ನಾವೇ ತಾನೇ?

ಇಳಕಲ್ಲಿನ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಹಾಕಿಸಿಕೊಂಡರು. ಅವರು ಹುಟ್ಟಿದ ಆಗಸ್ಟ್ 1 ನಮ್ಮಲ್ಲಿ ವ್ಯಸನಮುಕ್ತ ದಿನ. ಆ ದಿನವೂ ಮಕ್ಕಳಿಂದ ಪ್ರಬಂಧ ಬರೆಸುವ ಬದಲು ದೊಡ್ಡವರ ಮುಂದೆ ಜೋಳಿಗೆ ಹಿಡಿದರೆ ಹೆಚ್ಚು ಒಪ್ಪುತ್ತದೆ.

ಅಮ್ಮಂದಿರ ಸಭೆಯಲ್ಲಿ ಮಾತು ಆಡುವ ರೀತಿಯನ್ನೇ ಅಭ್ಯಾಸ ಮಾಡಿಸಿ. ಒಬ್ಬರು ಅಮ್ಮ, ಇನ್ನೊಬ್ಬರು ಮಗ. 'ಎಲ್ಲಿ ಹಾಳಾಗಿ ಹೋಗಿದ್ದೆ?' ಅಂದರೆ ಉತ್ತರ 'ಎಲ್ಲೂ ಇಲ್ಲ' ಅಂತಲೇ ಬರುತ್ತದೆ. 'ಊಟಕ್ಕೆ ಕಾದೆ ಕಣೋ, ಯಾರ ಜೊತೆ ಇದ್ದೆ?' ಅಂದು ನೋಡಿ. ಮೊದಲ ದಿನವೇ ಎಲ್ಲ ಹೇಳುತ್ತಾನೆ ಅಂತಲ್ಲ. ಆದರೆ ಮಾತು ಅಲ್ಲಿಗೇ ಮುಗಿಯುವುದಿಲ್ಲ. ಹಾಗೆಯೇ, ನಿದ್ದೆ ಏರುಪೇರು, ಸಿಡುಕು, ದುಡ್ಡು ಕೇಳುವುದು ಜಾಸ್ತಿ ಆದರೆ ಕಾರಣ ನಶೆಯೇ ಆಗಿರಬೇಕಿಲ್ಲ. ಪರೀಕ್ಷೆಯ ಭಯ ಇರಬಹುದು, ಮನೆಯ ಜಗಳ ಇರಬಹುದು. ಬ್ಯಾಗ್ ತಪಾಸಣೆಗೆ ಇಳಿಯುವ ಮೊದಲು ಕೇಳಿ.

ಸಾಧ್ಯವಾದರೆ ಮಕ್ಕಳು ಮನೆ ಸೇರಲು ಬೀದಿಯ ಎಲ್ಲ ಮನೆಗಳೂ ಒಂದೇ ಹೊತ್ತು ಗೊತ್ತು ಮಾಡಿಕೊಳ್ಳಲಿ. 'ಅವನ ಮನೇಲಿ ಬಿಡ್ತಾರೆ, ನೀವು ಮಾತ್ರ ಬಿಡಲ್ಲ' ಅನ್ನುವ ಜಗಳ ಅಲ್ಲಿಗೆ ಅರ್ಧ ಕಡಿಮೆಯಾಗುತ್ತದೆ.

ಸಂಜೆಗೆ ಏನಾದರೂ ಕೊಡಿ

ಕಬಡ್ಡಿ ಅಂಕಣಕ್ಕೆ ಎರಡು ದೀಪ. ಅರಿವು ಕೇಂದ್ರ ರಾತ್ರಿಯವರೆಗೂ ತೆರೆದಿರಲಿ, ಅಲ್ಲೊಂದು ಕೇರಂ ಬೋರ್ಡ್ ಇರಲಿ. ಡೊಳ್ಳು, ಕೋಲಾಟ ಗೊತ್ತಿರುವ ಹಿರಿಯರಿದ್ದರೆ ವಾರಕ್ಕೆರಡು ದಿನ ಕಲಿಸಲಿ. ಹುಡುಗಿಯರಿಗೂ ಜಾಗ, ಹೊತ್ತು ಎರಡೂ ಬೇಕು. ಇವುಗಳಿಗೆ ದುಡ್ಡು ಕೇಳುವ ಜಾಗ ಮಕ್ಕಳ ಗ್ರಾಮಸಭೆ. ನವೆಂಬರ್ ಹೊತ್ತಿಗೆ ಪಂಚಾಯಿತಿಗಳು ಅದನ್ನು ನಡೆಸುತ್ತವೆ. ನೀವು ಬರೆದ ನಕ್ಷೆಯನ್ನು ಮಕ್ಕಳ ಕೈಗೆ ಕೊಟ್ಟು ಅವರೇ ಕೇಳಲಿ, ನಡಾವಳಿಯಲ್ಲಿ ಬರೆಸಿಕೊಳ್ಳಿ.

ಈಗಾಗಲೇ ಅಂಟಿಕೊಂಡಿದ್ದರೆ

ಹೊಡೆಯುವುದು, ತಲೆ ಬೋಳಿಸುವುದು, ಕೋಣೆಗೆ ಕೂಡಿ ಹಾಕುವುದು ಬೇಡ. ದಿನಾ ಜಾಸ್ತಿ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯ. ಇದು ಮನೆಯ ಯಜಮಾನರಿಗೂ ಅನ್ವಯಿಸುತ್ತದೆ. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ಮೊದಲೇ ವಿಚಾರಿಸಿಕೊಂಡು ಹೋಗಿ. ನಶೆ ಬಿಡಿಸುವ ಸಲಹೆಗೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಮಗು ಅಪಾಯದಲ್ಲಿದ್ದರೆ 1098. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ.

'ಆಸ್ಪತ್ರೆಗೆ ಹೋದರೆ ಕೇಸ್ ಆಗುತ್ತೆ' ಎಂದು ಹೆದರಿ ಮುಚ್ಚಿಡುವವರು ಬಹಳ. ಮಾದಕ ವಸ್ತು ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿಯೂ ತಾನಾಗಿ ಮುಂದೆ ಬಂದು ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಸೆಕ್ಷನ್ ಅವನಿಗೆ ರಕ್ಷಣೆ ಕೊಡುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಚಿಕಿತ್ಸೆ ಮುಗಿಸಿ ಬಂದ ಹುಡುಗನನ್ನು ಮತ್ತೆ ಕಬಡ್ಡಿ ತಂಡಕ್ಕೆ ಸೇರಿಸಿಕೊಳ್ಳುವಂತೆ ಪಿಟಿ ಮೇಷ್ಟ್ರಿಗೆ ಮೊದಲೇ ಹೇಳಿಟ್ಟಿರಿ. ನಡುವೆ ಒಮ್ಮೆ ಜಾರಿದರೂ ತಂಡದಿಂದ ತೆಗೆಯಬಾರದು. ಮುಂದಿನ ಮಂಗಳವಾರ ಮತ್ತೆ ಕರೆದುಕೊಂಡು ಹೋದರೆ ಆಯಿತು.