ಹೊಸ ಐರನ್‌ಗಳು ನನ್ನ ಕೈಗೆ ಒಗ್ಗಿದ್ದು ಹೀಗೆ

ಬಲ ಮೊಣಕೈಯ ಒಳಮಗ್ಗುಲಲ್ಲಿ ನೋವು ಶುರುವಾಗದೇ ಇದ್ದಿದ್ದರೆ ನಾನು ಹೊಸ ಗಾಲ್ಫ್ ಕ್ಲಬ್ ಕೊಳ್ಳುತ್ತಲೇ ಇರಲಿಲ್ಲ. 18 ವರ್ಷ ಒಂದೇ ಸೆಟ್‌ನಲ್ಲಿ ಆಡಿದ್ದೆ. ಸ್ಟೀಲ್ ಶಾಫ್ಟ್‌ನ, ಅಂದರೆ ಸ್ಟೀಲ್ ದಂಡದ, ಹಳೇ ಐರನ್‌ಗಳು. ಐರನ್ ಅಂದರೆ ಚಪ್ಪಟೆ ಲೋಹದ ತಲೆಯ ಕ್ಲಬ್, ನಂಬರ್ ಕಮ್ಮಿಯಾದಷ್ಟೂ ಚೆಂಡು ದೂರ ಹೋಗುತ್ತದೆ. ಬೇಸಿಗೆಯಲ್ಲಿ ಗಟ್ಟಿ ನೆಲಕ್ಕೆ ಪೆಟ್ಟು ಬಿದ್ದರೆ ಆ ಅದುರು ಭುಜದ ತನಕ ಏರುತ್ತಿತ್ತು. ಡಾಕ್ಟರ್ ಎರಡು ತಿಂಗಳು ಆಟ ಬಿಡಿಸಿದರು. ಮತ್ತೆ ಶುರು ಮಾಡುವಾಗ ಗ್ರ್ಯಾಫೈಟ್ ಶಾಫ್ಟ್‌ನ ಸೆಟ್ ತಗೊಂಡೆ. ಅದು ಹಗುರ, ಅದುರೂ ಕೈಗೆ ಅಷ್ಟಾಗಿ ಬರುವುದಿಲ್ಲ.

ನಾನು ಆಡುವುದು ಮೈಸೂರಿನಲ್ಲಿ, ರೇಸ್‌ಕೋರ್ಸ್‌ಗೆ ಹೊಂದಿಕೊಂಡಿರುವ ಕೋರ್ಸ್‌ನಲ್ಲಿ. ಕಣ್ಣೆದುರಿಗೇ ಚಾಮುಂಡಿ ಬೆಟ್ಟ. ಹೊಸ ಸೆಟ್ ಹಿಡಿದು ಹೋದ ಮೊದಲ ಭಾನುವಾರ, ಗ್ರೀನ್, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗ, 140 ಯಾರ್ಡ್ ದೂರ ಇದ್ದ ಕಡೆ ಎಂದಿನ ಹಾಗೆ 7 ಐರನ್ ತೆಗೆದೆ. ಪೆಟ್ಟು ಚೆನ್ನಾಗಿಯೇ ಬಿತ್ತು. ಚೆಂಡು ಗ್ರೀನ್ ದಾಟಿ ಹಿಂದಿನ ಪೊದೆ ಸೇರಿತು. ಎರಡು ಹೋಲ್ ಆದ ಮೇಲೆ ಮತ್ತೆ ಅದೇ. ಬ್ಯಾಗ್ ಹೊರುವ ನಮ್ಮ ಕ್ಯಾಡಿ ಕ್ಲಬ್ಬನ್ನು ಕೈಗೆ ತಗೊಂಡು, ಅದರ ಮುಖವನ್ನು ಓರೆಯಾಗಿ ನೋಡಿ, “ಸರ್, ಏಳು ಅಂತ ಬರೆದಿದ್ದಾರೆ ಅಷ್ಟೇ. ಹಳೇ ಲೆಕ್ಕದಲ್ಲಿ ಇದು ಹೆಚ್ಚುಕಮ್ಮಿ ಐದು” ಅಂದರು.

ಅವರು ಹೇಳಿದ್ದು ಸರಿ. ನನ್ನ ಹಳೇ 7 ಐರನ್ನಿನ ಲಾಫ್ಟ್, ಅಂದರೆ ಮುಖ ಹಿಂದಕ್ಕೆ ವಾಲಿರುವ ಕೋನ, 35 ಡಿಗ್ರಿ. ಹೊಸದರದ್ದು 29. ಲಾಫ್ಟ್ ಕಮ್ಮಿಯಾದಷ್ಟೂ ಚೆಂಡು ದೂರ ಹೋಗುತ್ತದೆ. ಈಗಿನ ಐರನ್‌ಗಳಲ್ಲಿ ತೂಕವನ್ನು ತಲೆಯ ತಳಕ್ಕೆ ಇಳಿಸಿರುತ್ತಾರೆ, ಹಾಗಾಗಿ ಲಾಫ್ಟ್ ಕಡಿಮೆ ಮಾಡಿದರೂ ಚೆಂಡು ಮೇಲೇಳುತ್ತದೆ. ದೂರ ಹೋಯಿತು ಅಂತ ಖುಷಿಪಡುವವರೇ ಜಾಸ್ತಿ. ನನಗಂತೂ ದೂರಕ್ಕಿಂತ ಯಾವ ಕ್ಲಬ್ ಎಷ್ಟು ಹೋಗುತ್ತದೆ ಅನ್ನುವುದು ಗೊತ್ತಿರಬೇಕು. ಅದು ಗೊತ್ತಿಲ್ಲದೆ ಐರನ್ ಹಿಡಿದು ಏನು ಮಾಡುವುದು ಹೇಳಿ?

ಹಾಗಾಗಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡೆ. ಮೊದಲು ರೇಂಜ್‌ನಲ್ಲಿ, ಅಂದರೆ ಅಭ್ಯಾಸದ ಮೈದಾನದಲ್ಲಿ, ಅಳೆಯಲು ಹೋಗಿ ಎಡವಿದೆ. ಸಾವಿರಾರು ಪೆಟ್ಟು ತಿಂದ ರೇಂಜ್ ಚೆಂಡು ನಮ್ಮ ಆಟದ ಚೆಂಡಿನಷ್ಟು ದೂರ ಹೋಗುವುದಿಲ್ಲ. ಮ್ಯಾಟ್ ಮೇಲೆ ಇನ್ನೊಂದು ಮೋಸ ಇದೆ. ಚೆಂಡಿಗಿಂತ ಒಂದು ಇಂಚು ಹಿಂದೆ ನೆಲಕ್ಕೆ ಹೊಡೆದರೂ ಕ್ಲಬ್ ಜಾರಿಕೊಂಡು ಹೋಗಿ ಚೆಂಡಿಗೆ ತಗಲುತ್ತದೆ. ಹುಲ್ಲಿನ ಮೇಲಾದರೆ ಅದೇ ಹೊಡೆತ ಅಷ್ಟು ದೂರ ಹೋಗುತ್ತಿರಲಿಲ್ಲ. ಆಮೇಲೆ ಒಪ್ಪಿಗೆ ಕೇಳಿಕೊಂಡು, ಸಂಜೆ ಕೋರ್ಸ್ ಖಾಲಿಯಾದ ಮೇಲೆ, ನನ್ನದೇ 10 ಚೆಂಡು ತಗೊಂಡು ಹೋಗತೊಡಗಿದೆ. ದಿನಕ್ಕೆ ಎರಡೇ ಕ್ಲಬ್. ತೀರಾ ದೂರ ಹೋದ ಎರಡು, ತೀರಾ ಹತ್ತಿರ ಬಿದ್ದ ಎರಡು ಬಿಟ್ಟು, ಉಳಿದ ಆರರ ಲೆಕ್ಕ ಬರೆದುಕೊಂಡೆ. ಜೂನ್ ಮಳೆಗೆ ನೆಲ ಮೆತ್ತಗಿತ್ತು, ಚೆಂಡು ಬಿದ್ದಲ್ಲೇ ಕೂರುತ್ತಿತ್ತು. ಅಳೆಯುವುದಕ್ಕೆ ಅದು ಬಹಳ ಅನುಕೂಲವಾಯಿತು.

ಬರೆದ ಮೇಲೆ ಒಂದು ಖಾಲಿ ಜಾಗ ಕಂಡಿತು. ವೆಜ್ ಅಂದರೆ ಹತ್ತಿರದ ಹೊಡೆತಕ್ಕೆ ಬಳಸುವ, ಲಾಫ್ಟ್ ಜಾಸ್ತಿ ಇರುವ ಕ್ಲಬ್. ಹೊಸ ಪಿಚಿಂಗ್ ವೆಜ್ 43 ಡಿಗ್ರಿ, 124 ಯಾರ್ಡ್. ನನ್ನ ಹಳೇ ಸ್ಯಾಂಡ್ ವೆಜ್ 56 ಡಿಗ್ರಿ, 82 ಯಾರ್ಡ್. ನಡುವೆ 42 ಯಾರ್ಡ್‌ಗೆ ಕ್ಲಬ್ಬೇ ಇಲ್ಲ! 100 ಯಾರ್ಡ್ ಬಂದಾಗಲೆಲ್ಲ ಪಿಚಿಂಗ್ ವೆಜ್ಜನ್ನು ಅಂಜಿ ಅಂಜಿ ಹೊಡೆಯುತ್ತಿದ್ದೆ. 50 ಡಿಗ್ರಿಯ ಇನ್ನೊಂದು ವೆಜ್ ತಂದೆ. ಬ್ಯಾಗ್‌ನಲ್ಲಿ 14ಕ್ಕಿಂತ ಜಾಸ್ತಿ ಕ್ಲಬ್ ಇರುವಂತಿಲ್ಲ, ಆದ್ದರಿಂದ 4 ಐರನ್ ಹೊರಗಿಟ್ಟೆ. ಬೇಸರವೇನೂ ಆಗಲಿಲ್ಲ. ನನ್ನ ವೇಗಕ್ಕೆ ಆ ಕ್ಲಬ್‌ನಲ್ಲಿ ಚೆಂಡು ಮೇಲೇಳುತ್ತಲೇ ಇರಲಿಲ್ಲ.

ದೂರ ಹಿಡಿತಕ್ಕೆ ಬಂತು. ಆದರೆ ಚೆಂಡು ಎಡಕ್ಕೆ ಹೋಗುವುದು ನಿಲ್ಲಲಿಲ್ಲ. ಮೂರು ವಾರ ನನ್ನ ಸ್ವಿಂಗೇ ಕೆಟ್ಟಿದೆ ಅಂದುಕೊಂಡು ಏನೇನೋ ಬದಲಾಯಿಸಿದೆ. ಕೊನೆಗೆ ಒಬ್ಬ ಹಿರಿಯ ಆಟಗಾರರು ಒಂದು ಪರೀಕ್ಷೆ ಮಾಡಿಸಿದರು. ಚೆಂಡಿನ ಮೇಲೆ ಕಪ್ಪು ಮಾರ್ಕರ್‌ನಲ್ಲಿ ದಪ್ಪಗೆ ಒಂದು ಗೆರೆ ಎಳೆದು, ಆ ಗೆರೆ ಕ್ಲಬ್ ಮುಖದ ಕಡೆ ನೆಟ್ಟಗೆ ನಿಲ್ಲುವ ಹಾಗೆ ಇಟ್ಟರು. “ಈಗ ಹೊಡೀರಿ” ಅಂದರು. ಹೊಡೆದ ಮೇಲೆ ಮುಖ ನೋಡಿದರೆ ಗೆರೆಯ ಅಚ್ಚು ಅಲ್ಲೇ ಮೂಡಿತ್ತು, ಆದರೆ ನೆಟ್ಟಗಿರಲಿಲ್ಲ. ಮೇಲ್ತುದಿ ಕ್ಲಬ್ಬಿನ ಮೂತಿಯ, ಅಂದರೆ ದಂಡದಿಂದ ದೂರ ಇರುವ ತುದಿಯ, ಕಡೆ ವಾಲಿತ್ತು. ಒರೆಸಿ ಮತ್ತೆ ಹೊಡೆದೆ. ಮತ್ತೆ ಹಾಗೇ. ಐದು ಸಲವೂ ಹಾಗೇ. ಅಂದರೆ ಚೆಂಡಿಗೆ ತಗಲುವ ಹೊತ್ತಿಗೆ ಕ್ಲಬ್ಬಿನ ಮೂತಿ ಮೇಲೆದ್ದಿರುತ್ತಿತ್ತು, ಮುಖ ಎಡಕ್ಕೆ ನೋಡುತ್ತಿತ್ತು. ಹೊಸ ಶಾಫ್ಟ್ ಹಳೆಯದಕ್ಕಿಂತ ಅರ್ಧ ಇಂಚು ಉದ್ದ. ನನ್ನ ಎತ್ತರಕ್ಕೆ ಅದು ಕೂಡುತ್ತಿರಲಿಲ್ಲ. ಕೊಳ್ಳುವಾಗ ಅಂಗಡಿಯಲ್ಲಿ ಯಾರೂ ಅಳತೆ ತೆಗೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಬೆಂಗಳೂರಿಗೆ ಕೊಂಡೊಯ್ದು ಎಲ್ಲ ಐರನ್‌ಗಳನ್ನೂ ಮೂತಿ ಕೆಳಗಿಳಿಯುವ ಹಾಗೆ 2 ಡಿಗ್ರಿ ಬಗ್ಗಿಸಿಕೊಂಡು ಬಂದೆ. ಮುಂದಿನ ಸಲ ಗೆರೆ ನೆಟ್ಟಗೆ ಬಿತ್ತು. ಹೊಸ ಕ್ಲಬ್ ತಗೊಂಡವರು ಮೊದಲ ವಾರವೇ ಈ ಪರೀಕ್ಷೆ ಮಾಡಿಕೊಳ್ಳಲಿ. ಒಂದು ಮಾರ್ಕರ್ ಇದ್ದರೆ ಸಾಕು.

ಉಳಿದದ್ದು ಲಯ. ಕೈಯಲ್ಲಿ ಹಗುರ ವಸ್ತು ಇದ್ದರೆ ತೋಳು ತಾನಾಗೇ ಆತುರ ಪಡುತ್ತದೆ. ಕಾಲು ಜೋಡಿಸಿ ನಿಂತು, ಸೊಂಟದ ಮಟ್ಟಕ್ಕೆ ಮಾತ್ರ ಕ್ಲಬ್ ಎತ್ತಿ, ದಿನಾ 30 ಚೆಂಡು ಹೊಡೆದೆ. ಅವಸರ ಮಾಡಿದರೆ ಕಾಲೇ ತಪ್ಪುತ್ತದೆ, ಬೇರೆಯವರು ಹೇಳಬೇಕಿಲ್ಲ. ಗ್ರೀನ್ ಮೇಲೆ ಚೆಂಡು ಉರುಳಿಸುವ ಪಟರ್ ಮಾತ್ರ ಹಳೆಯದೇ. ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಹೇಗೆ, ಅಲ್ವಾ?

ಆಟ ಕೆಟ್ಟ ದಿನ ಹಳೇ ಸೆಟ್ ಮೇಲೆ ಕಣ್ಣು ಹೋಗುತ್ತಿತ್ತು. ಒಂದೆರಡು ಸಲ ತೆಗೆದು ಆಡಿಯೂ ಆಡಿದೆ. ಮಾರನೇ ದಿನ ಎರಡು ಸೆಟ್ಟೂ ಕೈಗೆ ಕೂರಲಿಲ್ಲ. ಆಗಸ್ಟ್‌ನಲ್ಲಿ ಹಳೇ ಸೆಟ್ಟಿಗೆ ಗ್ರಿಪ್‌ಗಳನ್ನೆಲ್ಲ ಹೊಸದಾಗಿ ಹಾಕಿಸಿ, ಅದನ್ನು ನಮ್ಮ ಕ್ಯಾಡಿಯ ಮಗನಿಗೆ ಕೊಟ್ಟುಬಿಟ್ಟೆ. 2009ರಲ್ಲಿ ಇಂಡಿಯನ್ ಓಪನ್ ಗೆದ್ದ ಬೆಂಗಳೂರಿನ ಮುನಿಯಪ್ಪ ಕ್ಯಾಡಿಯಾಗಿ ಶುರು ಮಾಡಿದವರು ಅಂತ ಆ ಹುಡುಗನಿಗೆ ಚೆನ್ನಾಗಿ ಗೊತ್ತು. 7 ಐರನ್ ಹಿಡಿದು, “ಇದು ಎಷ್ಟು ಹೋಗುತ್ತೆ ಸರ್?” ಅಂತ ಕೇಳಿದ. “ನನಗೆ 140 ಹೋಗ್ತಿತ್ತು. ನಿಂದು ಎಷ್ಟು ಅಂತ ನೀನೇ ಅಳೆದು ನೋಡು” ಅಂದೆ. ಮಾರನೇ ಸಂಜೆ 10 ಚೆಂಡು, ಒಂದು ಪೆನ್ನು ತಗೊಂಡು ಬಂದಿದ್ದ.