ಅತ್ತೆಯ ಪಾಟ್ಲಿ, ನನ್ನ ಕುಂದಣದ ಹಾರ: ಯಾವುದನ್ನು ಎಲ್ಲಿ ಮಾರಿದೆ

ಹೋದ ವರ್ಷ ಮಗಳ ಎಂಜಿನಿಯರಿಂಗ್ ಫೀಸಿಗೆ ದುಡ್ಡು ಹೊಂದಿಸಬೇಕಿತ್ತು. ಮುಂಬೈ ಹತ್ತಿರದ ಡೊಂಬಿವಲಿಯ ಬ್ಯಾಂಕ್ ಲಾಕರಿನಲ್ಲಿ ಯಾರೂ ಹಾಕಿಕೊಳ್ಳದ ಚಿನ್ನ ಸುಮ್ನೆ ಬಿದ್ದಿತ್ತು. ಮೊದಲು ಮಾತು ತೆಗೆದವರು ಅತ್ತೆಯೇ. ಅವರು ವಿಜಯಪುರದ ಕಡೆಯವರು. "ನನ್ನ ಪಾಟ್ಲಿ ಬಿಲ್ವಾರ ಮಾರಿಬಿಡವಾ, ಹುಡುಗಿ ಓದ್ಲಿ. ಆದ್ರ ತೂಕಾ ಬರಕೊಂಡು ಹೋಗು" ಅಂದರು. ಪಾಟ್ಲಿ, ಬಿಲ್ವಾರ ಎರಡೂ ಚಿನ್ನದ ಬಳೆಗಳೇ.

ಲಾಕರಿನಿಂದ ತಂದದ್ದನ್ನು ಹಾಸಿಗೆ ಮೇಲೆ ಹರಡಿ ಮೂರು ಗುಂಪು ಮಾಡಿದೆ. ಒಂದರಲ್ಲಿ ಅತ್ತೆಯ ಎರಡು ಪಾಟ್ಲಿ, ಎರಡು ಬಿಲ್ವಾರ. ಇನ್ನೊಂದರಲ್ಲಿ ನಾನು ದೊಡ್ಡ ಶೋರೂಮಿನಲ್ಲಿ ತಗೊಂಡ ಸಣ್ಣ ವಜ್ರದ ಪೆಂಡೆಂಟು, ಓಲೆ. ಮೂರನೆಯದು ಮೈದುನನ ಮದುವೆಗೆಂದು ಒಬ್ಬ ಡಿಸೈನರ್ ಹತ್ತಿರ ಮಾಡಿಸಿದ, ಕಲ್ಲು ಕೂರಿಸಿದ ಕುಂದಣದ ಹಾರ. ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಒಂದೇ ಅಂಗಡಿಗೆ ಹೋಗಿ ಸುರಿಯುವುದೇ ನನ್ನ ಮೊದಲ ಯೋಚನೆಯಾಗಿತ್ತು. ಹಾಗೆ ಮಾಡಿದ್ದರೆ ದೊಡ್ಡ ನಷ್ಟ ಆಗುತ್ತಿತ್ತು. ಪಾಟ್ಲಿಯ ಬೆಲೆ ಇರುವುದು ಚಿನ್ನದಲ್ಲಿ. ಪೆಂಡೆಂಟಿನ ಬೆಲೆ ಅರ್ಧ ಚಿನ್ನದಲ್ಲಿ, ಅರ್ಧ ವಜ್ರದಲ್ಲಿ. ಕುಂದಣದ ಹಾರದ ಬೆಲೆ ಹೆಚ್ಚಾಗಿ ಕೆಲಸದಲ್ಲಿ. ಬರೀ ಚಿನ್ನ ಕೊಳ್ಳುವವನು ಕೆಲಸಕ್ಕೆ ಯಾಕೆ ದುಡ್ಡು ಕೊಡುತ್ತಾನೆ, ಅಲ್ವಾ?

ಅತ್ತೆಯ ಬಳೆಗಳ ಮೇಲೆ ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಅಧಿಕೃತ ಗುರುತು, ಇರಲಿಲ್ಲ. ಊರಿನ ಪತ್ತಾರರು ಮಾಡಿದ್ದು. ಆಗ ಅದೆಲ್ಲ ಎಲ್ಲಿತ್ತು? ಈಗ ಅಂಗಡಿಯವರು ಮಾರುವ ಹೊಸ ಒಡವೆಗಳಲ್ಲಿ ಹೆಚ್ಚಿನವಕ್ಕೆ ಎಚ್‌ಯುಐಡಿ ಅನ್ನುವ ಆರು ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆ ಇರಲೇಬೇಕು, 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ. ಮನೆಯಲ್ಲಿರುವ ಹಳೆ ಚಿನ್ನಕ್ಕೆ ಆ ಕಡ್ಡಾಯ ಇಲ್ಲ, ಹಾಗೇ ಮಾರಬಹುದು. ಆದರೆ ಗುರುತಿಲ್ಲದ ಚಿನ್ನ ಕೈಯಲ್ಲಿ ಹಿಡಿದು ಹೋದರೆ ಅದು ಎಷ್ಟು ಶುದ್ಧ ಅನ್ನುವುದನ್ನು ಅಂಗಡಿಯವರೇ ತೀರ್ಮಾನಿಸುತ್ತಾರೆ. ಮೊದಲು ಹೋದ ಅಂಗಡಿಯಲ್ಲಿ ಆದದ್ದೂ ಅದೇ. ಒರೆಗಲ್ಲಿಗೆ ಒಂದು ಸಲ ತಿಕ್ಕಿ, "20 ಕ್ಯಾರಟ್ ಹಿಡಿತೀನಿ, ಕರಗಿಸಿದಾಗ ನೂರಕ್ಕೆ 3 ಹೋಗುತ್ತೆ" ಅಂದರು. ನಾನು ಒಪ್ಪದೆ ಎದ್ದು ಬಂದೆ.

ಆಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆಯ ಹಾಲ್‌ಮಾರ್ಕ್ ಕೇಂದ್ರಕ್ಕೆ ಹೋದೆ. ಅಲ್ಲಿ ನಮ್ಮಂಥವರ ಒಡವೆಯನ್ನೂ ಪರೀಕ್ಷೆ ಮಾಡಿ ಚೀಟಿ ಕೊಡುತ್ತಾರೆ. ನಾಲ್ಕು ಒಡವೆಯವರೆಗೆ 200 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನಮ್ಮದು ಸರಿಯಾಗಿ ನಾಲ್ಕೇ ಇತ್ತು. ತೂಕ 41.2 ಗ್ರಾಂ. ಶುದ್ಧತೆ ಸರಾಸರಿ ನೂರಕ್ಕೆ 87.5, ಅಂದರೆ 21 ಕ್ಯಾರಟ್. ಬೆಸುಗೆ ಹಾಕಿದ ಕಡೆ ಬೆರಕೆ ಸ್ವಲ್ಪ ಜಾಸ್ತಿ ಇದೆ ಅಂತಲೂ ಅಲ್ಲಿನವರು ತೋರಿಸಿದರು.

ಆ ಚೀಟಿ ಬಂದ ಮೇಲೆ ನಾನು ರೂಪಾಯಿಯಲ್ಲಿ ಲೆಕ್ಕ ಹಾಕುವುದನ್ನೇ ಬಿಟ್ಟೆ. ಚಿನ್ನದ ದರ ದಿನಕ್ಕೆರಡು ಸಲ ಬದಲಾಗುತ್ತದೆ. ಮುಂಬೈಯ ಚಿನ್ನದ ವ್ಯಾಪಾರಿಗಳ ಸಂಘ ಐಬಿಜೆಎ ಬೆಳಿಗ್ಗೆ ಒಂದು, ಸಂಜೆ ಒಂದು ದರ ಪ್ರಕಟಿಸುತ್ತದೆ. ಸೋಮವಾರ ಒಬ್ಬರು ಹೇಳಿದ ರೂಪಾಯಿಯನ್ನು ಗುರುವಾರ ಇನ್ನೊಬ್ಬರು ಹೇಳಿದ್ದಕ್ಕೆ ಹೋಲಿಸಿದರೆ ತಲೆ ಕೆಡುತ್ತದೆ. ಅದಕ್ಕೇ ಎಲ್ಲರನ್ನೂ ಒಂದೇ ಮಾತು ಕೇಳಿದೆ: ನೀವು ಎಷ್ಟು ಗ್ರಾಂ ಅಪರಂಜಿಗೆ, ಅಂದರೆ ಪೂರ್ತಿ ಶುದ್ಧ ಚಿನ್ನಕ್ಕೆ, ದುಡ್ಡು ಕೊಡುತ್ತೀರಿ? ಮೊದಲ ಅಂಗಡಿಯ ಲೆಕ್ಕ 33.3 ಗ್ರಾಂಗೆ ಬಂತು. ಮುಂಬೈಯ ಚಿನ್ನದ ಪೇಟೆ ಜವೇರಿ ಬಜಾರಿನ ಒಂದು ಅಂಗಡಿಯವರು, "ನಿಮ್ಮ ಕಣ್ಣೆದುರಿಗೇ ಕರಗಿಸೋಣ, ಬಂದ ಗಟ್ಟಿಯನ್ನು ಪರೀಕ್ಷಿಸಿ, ಆ ಲೆಕ್ಕದಲ್ಲಿ ನೂರಕ್ಕೆ 1 ಮಾತ್ರ ನಾವು ಹಿಡ್ಕೊಳ್ತೀವಿ" ಅಂದರು. ಅಲ್ಲಿಗೇ ಕೊಡುವುದು ಅಂತ ನಿರ್ಧಾರ ಮಾಡಿದೆ.

ಇಲ್ಲಿ ತೆರಿಗೆಯ ಒಂದು ವಿಷಯ ಹೇಳಲೇಬೇಕು. ಬಳೆಗಳನ್ನು ನಿನ್ನ ಹೆಸರಿಗೆ ಕೊಟ್ಟೆ ಅಂತ ಅತ್ತೆ ಹೇಳಿದ್ದರು. ನಮ್ಮ ಸಿಎ ಬೇಡ ಅಂದರು. ಸೊಸೆಗೆ ಸುಮ್ಮನೆ ಕೊಟ್ಟ ಆಸ್ತಿಯಿಂದ ಬಂದ ಆದಾಯ ಮತ್ತೆ ಅತ್ತೆಯ ಲೆಕ್ಕಕ್ಕೇ ಸೇರುತ್ತದಂತೆ. ಅದಕ್ಕೆ ಅತ್ತೆಯೇ ಮಾರಲಿ, ದುಡ್ಡು ಅವರ ಖಾತೆಗೇ ಬರಲಿ ಅಂತ ತೀರ್ಮಾನ ಆಯ್ತು. ಎರಡು ವರ್ಷಕ್ಕಿಂತ ಹಳೆಯ ಚಿನ್ನ ಮಾರಿದರೆ ಬರುವ ಲಾಭದ ಮೇಲೆ ಈಗ ನೂರಕ್ಕೆ 12.5 ತೆರಿಗೆ. 2001ಕ್ಕಿಂತ ಮುಂಚಿನದಾದರೆ 2001ರ ಏಪ್ರಿಲ್ 1ರ ಬೆಲೆಯನ್ನು ಕೊಂಡ ಬೆಲೆ ಅಂತ ಹಿಡಿಯಬಹುದು.

ಹಾಗಾಗಿ ಅತ್ತೆಯನ್ನೂ ಕರೆದುಕೊಂಡು ಹೋದೆ. ಮಸ್ಜಿದ್ ಸ್ಟೇಷನ್ನಿನಲ್ಲಿ ಇಳಿದು ಟ್ಯಾಕ್ಸಿ ಮಾಡಿದೆವು. ಮಳೆಗಾಲ, ಗಲ್ಲಿಯ ತುಂಬ ಕೈಗಾಡಿ. ಅಂಗಡಿಯ ಹಿಂದಿನ ಸಣ್ಣ ಕೋಣೆಯಲ್ಲಿ ಬಂಗಾಳದ ಒಬ್ಬ ಹುಡುಗ ಕೂತಿದ್ದ. ಬಳೆಗಳನ್ನು ಕತ್ತರಿಸಿ ಮೂಸೆಗೆ ಹಾಕಿ, ಚಿಟಿಕೆ ಬಿಳಿಗಾರ ಉದುರಿಸಿ, ಬೆಂಕಿ ಹಿಡಿದ. ಮೊದಲು ಕಪ್ಪಾಯಿತು. ಆಮೇಲೆ ಅಂಚು ಮೆತ್ತಗಾಗಿ ಒಂದಕ್ಕೊಂದು ಸೇರಿ ಒಂದೇ ಹನಿಯಾಗಿ ಮೂಸೆಯ ತಳದಲ್ಲಿ ಹೊಳೆಯುತ್ತಾ ತಿರುಗಿತು. ಅತ್ತೆ ಕಣ್ಣು ಮಿಟುಕಿಸಲಿಲ್ಲ. "ನಮ್ಮಪ್ಪನೂ ಪತ್ತಾರನ ಮುಂದ ಹಿಂಗ ಕುಂತು ನೋಡ್ತಿದ್ದ" ಅಂದರು. ಗಟ್ಟಿ ತಣ್ಣಗಾದ ಮೇಲೆ, ಮೂಸೆಗೆ ಅಂಟಿದ್ದ ಚೂರನ್ನೂ ಕೆರೆದು ತಕ್ಕಡಿಗೆ ಹಾಕಿಸಿದರು. ಅವರು ಕೇಳಿದ್ದು ಸರಿ. ರಸ್ತೆಯ ಕಸ ಗುಡಿಸಿ, ತೊಳೆದು, ಅದರಲ್ಲೂ ಚಿನ್ನದ ಪುಡಿ ಹುಡುಕುವವರಿರುವ ಬಜಾರು ಅದು.

ಗಟ್ಟಿ 40.6 ಗ್ರಾಂ ತೂಗಿತು. ಶುದ್ಧತೆ 87.4. ಅವರ ನೂರಕ್ಕೆ 1 ಕಳೆದು 35.1 ಗ್ರಾಂ ಅಪರಂಜಿಯ ದುಡ್ಡು ಬಂತು. ಮೊದಲ ಅಂಗಡಿಗಿಂತ 1.8 ಗ್ರಾಂ ಜಾಸ್ತಿ. ಪ್ಯಾನ್, ಆಧಾರ್ ಕೊಟ್ಟೆವು. ದುಡ್ಡನ್ನು ಬ್ಯಾಂಕಿಗೇ ಹಾಕಿಸಿಕೊಂಡೆವು. 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವುದು ಕಾನೂನಿಗೆ ವಿರುದ್ಧ. ಯಾರಾದರೂ ಹಾಗೆ ಕೊಡುತ್ತೇನೆ ಅಂದರೆ ದಯವಿಟ್ಟು ಒಪ್ಪಬೇಡಿ, ತೊಂದರೆ ಆಗುವುದು ತಗೊಂಡವರಿಗೇ. ಇನ್ನೊಂದು ಅಂಗಡಿಯವರು 3 ಪರ್ಸೆಂಟ್ ಜಿಎಸ್‌ಟಿ ಮುರ್ಕೊಳ್ತೀವಿ ಅಂದಿದ್ದರು. ವ್ಯಾಪಾರ ಮಾಡದ ಮನೆಯವರು ಹಳೆ ಒಡವೆ ಮಾರಿದರೆ ಜಿಎಸ್‌ಟಿ ಇಲ್ಲ, ಕೊಡಲೂಬೇಡಿ.

ಪೆಂಡೆಂಟು, ಓಲೆಯನ್ನೂ ಅದೇ ಬಜಾರಿನಲ್ಲಿ ತೋರಿಸಿದ್ದೆ. 750 ಗುರುತಿನ 18 ಕ್ಯಾರಟ್ ಚಿನ್ನಕ್ಕೆ ದರ ಸರಿಯಾಗಿಯೇ ಹೇಳಿದರು. ಆದರೆ ಎಲ್ಲ ಸೇರಿ ತೂಕದಲ್ಲಿ 0.62 ಕ್ಯಾರಟ್ ಇರುವ ಪುಟ್ಟ ವಜ್ರಗಳಿಗೆ ಏನೂ ಕೊಡುವುದಿಲ್ಲ ಅಂದರು. ತೆಗೆದು ಕೊಡ್ತೀವಿ, ನೀವೇ ಇಟ್ಕೊಳ್ಳಿ ಅಂದರು. ಮನೆಗೆ ಬಂದು ಬಿಲ್ಲು ಹುಡುಕಿದೆ. ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು: ಒಡವೆ ಬದಲಾಯಿಸಿಕೊಂಡರೆ ವಜ್ರಕ್ಕೆ ಪೂರ್ತಿ ಬೆಲೆ, ದುಡ್ಡು ಬೇಕಾದರೆ ನೂರಕ್ಕೆ 80. ಬದಲಾಯಿಸಿಕೊಳ್ಳಿ ಅಂತ ಶೋರೂಮಿನ ಹುಡುಗಿ ತುಂಬಾ ಹೇಳಿದಳು. ಆದರೆ ಹೊಸದರ ಮೇಲೆ ಮತ್ತೆ ಮಜೂರಿ, ಮತ್ತೆ ಜಿಎಸ್‌ಟಿ. ನನಗೆ ಬೇಕಿದ್ದದ್ದು ಫೀಸಿಗೆ ದುಡ್ಡು. 80ಕ್ಕೇ ಒಪ್ಪಿದೆ. ವಜ್ರದ ಒಡವೆಗೆ ಕೊಂಡ ಅಂಗಡಿಯಷ್ಟು ಒಳ್ಳೆ ಜಾಗ ಬೇರೆ ಸಿಗುವುದು ಕಷ್ಟ, ಬಿಲ್ಲು ಮತ್ತು ವಜ್ರ ಪರೀಕ್ಷಿಸಿ ಕೊಟ್ಟ ಲ್ಯಾಬ್ ಕಾರ್ಡು ಜೊತೆಗಿದ್ದರೆ.

ಕುಂದಣದ ಹಾರದ್ದು ಬೇರೆಯೇ ಕತೆ. ಒಟ್ಟು ತೂಕ 64 ಗ್ರಾಂ. ಬಿಲ್ಲಿನಲ್ಲಿ ಚಿನ್ನ 24 ಗ್ರಾಂ ಮಾತ್ರ. ಉಳಿದದ್ದು ಕಲ್ಲು, ಮುತ್ತು, ಒಳಗೆ ತುಂಬಿದ ಅರಗು. ಎಲ್ಲಿ ಕೇಳಿದರೂ "ಒಡೆದು ನೋಡಿ ಹೇಳ್ತೀವಿ" ಅನ್ನುತ್ತಿದ್ದರು. ಒಂದು ಸಲ ಒಡೆದರೆ ಅದು ಮತ್ತೆ ಹಾರ ಆಗುವುದಿಲ್ಲ. ಬೆಲೆ ಕುದುರದಿದ್ದರೆ ಚೂರುಗಳನ್ನು ಹೊತ್ತುಕೊಂಡು ಬರಬೇಕು. ಮಾಡಿಕೊಟ್ಟ ಡಿಸೈನರ್ ವಾಪಸ್ ತಗೊಳ್ಳುವುದಿಲ್ಲ ಅಂದರು. ಎರಡು ತಿಂಗಳು ಅದನ್ನು ಹಾಗೇ ಇಟ್ಟೆ. ಆಮೇಲೆ ಪುಣೆಯಲ್ಲಿರುವ ನಾದಿನಿಯ ಮಗಳ ಮದುವೆ ಗೊತ್ತಾಯಿತು. ಅಂಥದ್ದೇ ಹಾರ ಹೊಸದಾಗಿ ಮಾಡಿಸಲು ಅವರು ಕೇಳಿಕೊಂಡು ಬಂದ ಬೆಲೆ ನನ್ನ ಎದೆ ಧಸಕ್ ಅನ್ನಿಸುವಷ್ಟಿತ್ತು. "ಅತ್ತಿಗೆ, ನಿಮ್ಮ ಹಾರ ಇನ್ನೂ ಐತೇನು?" ಅಂತ ನಾದಿನಿಯೇ ಫೋನ್ ಮಾಡಿದಳು.

ನಮ್ಮವರ ಹತ್ತಿರ ದುಡ್ಡಿನ ಮಾತಾಡುವುದು ಕಷ್ಟ. ಅದಕ್ಕೆ ಮೊದಲೇ ಕಾಗದದ ಮೇಲೆ ಬರೆದೆ. 24 ಗ್ರಾಂಗೆ ಆ ದಿನದ ದರ, ಬಿಲ್ಲಿನಲ್ಲಿದ್ದ ಕೆಲಸದ ಕೂಲಿಯಲ್ಲಿ ಅರ್ಧ. ಕಲ್ಲು ಮುತ್ತಿಗೆ ಏನೂ ಹಿಡಿಯಲಿಲ್ಲ. ಅವರಿಗೆ ಹೊಸದಕ್ಕಿಂತ ತುಂಬಾ ಕಡಿಮೆ ಆಯ್ತು, ನನಗೆ ಬಜಾರಿಗಿಂತ ಜಾಸ್ತಿ ಬಂತು. ದುಡ್ಡು ಖಾತೆಗೆ ಹಾಕಿದರು. ಬಿಲ್ಲಿನ ಮೂಲ ಪ್ರತಿಯನ್ನೂ ಅವರಿಗೇ ಕೊಟ್ಟೆ, ಮುಂದೆ ಅವರಿಗೂ ಬೇಕಾಗುತ್ತದೆ. ಹಾರದಿಂದ ಯಾವಾಗಲೋ ಉದುರಿದ್ದ ಒಂದು ಕೆಂಪು ಕಲ್ಲನ್ನು ಚೀಟಿಯಲ್ಲಿ ಮಡಚಿ ಡಬ್ಬಿಯಲ್ಲೇ ಇಟ್ಟಿದ್ದೆ. ಅದನ್ನೂ ಕೈಗಿತ್ತೆ. ಮದುವೆಗೆ ಮುಂಚೆ ಪುಣೆಯಲ್ಲೇ ಅದನ್ನು ಕೂರಿಸಿಕೊಂಡರಂತೆ.