ಸೋಡಾ ಹಾಕೋ ಮೊದಲು ಹುಳಿ ಎಲ್ಲಿದೆ ನೋಡಿ

ನಾನು ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಮೇಲೆ ಕೊಡುತ್ತೇನೆ. ನನ್ನ ಗಿರಾಕಿಗಳಲ್ಲಿ ಮೊಟ್ಟೆ ಬೇಡ ಅನ್ನುವವರೇ ಜಾಸ್ತಿ. ಹಾಗಾಗಿ ಕೇಕ್ ಉಬ್ಬಿಸುವ ಕೆಲಸವೆಲ್ಲ ಸೋಡಾ ಮತ್ತು ಬೇಕಿಂಗ್ ಪೌಡರ್ ಮೇಲೇ ಬೀಳುತ್ತದೆ. ಕಲಿಯಲು ಬರುವವರು ತಪ್ಪದೆ ಕೇಳುವುದು ಒಂದೇ: "ಅಕ್ಕಾ, ಪೌಡರ್ ಮುಗಿದಿದೆ, ಸೋಡಾ ಹಾಕಿದ್ರೆ ಆಗಲ್ವಾ?" ನಾನು ತಿರುಗಿ ಕೇಳುತ್ತೇನೆ: "ಹಿಟ್ಟಿನಲ್ಲಿ ಹುಳಿ ಏನಿದೆ ಹೇಳು."

ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೋನೇಟ್. ಇದು ಕ್ಷಾರ. ಹುಳಿ ಮತ್ತು ನೀರು ಸಿಕ್ಕಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಗೋಲಿ ಸೋಡಾದಲ್ಲಿ ಬುಸ್ ಅನ್ನುವುದೂ ಇದೇ ಗ್ಯಾಸ್. ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ ಸೋಡಾಕ್ಕೆ ಬೇಕಾದಷ್ಟು ಹುಳಿ ಸಿಕ್ಕರೆ ಹೆಚ್ಚುಕಡಿಮೆ 1.4 ಲೀಟರ್ ಗ್ಯಾಸ್ ಬರುತ್ತದೆ. ಹುಳಿಯೇ ಇಲ್ಲದಿದ್ದರೂ ಸೋಡಾ ಸುಮ್ನೆ ಕೂರುವುದಿಲ್ಲ. ಬಿಸಿ 80 ಡಿಗ್ರಿ ದಾಟಿದರೆ ತಾನಾಗಿಯೇ ಒಡೆಯುತ್ತದೆ. ಆದರೆ ಆಗ ಬರುವುದು ಅರ್ಧದಷ್ಟೇ ಗ್ಯಾಸ್. ಉಳಿಯುವುದು ಸೋಡಿಯಂ ಕಾರ್ಬೋನೇಟ್, ಅಂದರೆ ಬಟ್ಟೆ ಸೋಡಾ. ಕೆಲವು ಕೇಕ್ ತಿಂದಾಗ ನಾಲಿಗೆಯ ಹಿಂಭಾಗದಲ್ಲಿ ಸೋಪಿನ ರುಚಿ ಬರುತ್ತದಲ್ವಾ, ಅದು ಇದರದ್ದೇ.

ಹುಳಿ ಸಾಕಾಯಿತೋ ಇಲ್ಲವೋ ಅಂತ ನೋಡಲು ನಾನು ನಂಬುವುದು ಅರಿಶಿನವನ್ನು. ಕಲಸಿದ ಹಿಟ್ಟಿನಿಂದ ಒಂದು ಚಮಚ ಸ್ಟೀಲ್ ಬಟ್ಟಲಿಗೆ ತೆಗೆದು, ಚಿಟಿಕೆ ಅರಿಶಿನ ಹಾಕಿ ಕಲಕಿ. ಹಳದಿಯೇ ಉಳಿದರೆ ಸರಿ. ಇಟ್ಟಿಗೆ ಬಣ್ಣಕ್ಕೆ ತಿರುಗಿದರೆ ಸೋಡಾ ಜಾಸ್ತಿ ಅಂತ ಅರ್ಥ. ತೀರಾ ಸ್ವಲ್ಪ ಉಳಿದಿದ್ದರೆ ಅರಿಶಿನಕ್ಕೂ ಗೊತ್ತಾಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೋಕೋ ಹಾಕಿದ ಹಿಟ್ಟಿನಲ್ಲಿ ಬಣ್ಣ ಕಾಣದು, ಅಲ್ಲಿ ಈ ಉಪಾಯ ನಡೆಯುವುದಿಲ್ಲ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಗೆ ಕೆಂಪು ನೀರು ಮಾಡುತ್ತೇವಲ್ಲ, ಅಲ್ಲೂ ನಡೆಯುವುದು ಇದೇ: ಕ್ಷಾರ ಸಿಕ್ಕರೆ ಅರಿಶಿನ ಕೆಂಪಾಗುತ್ತದೆ. ಖಮಣ್ ಢೋಕ್ಲಾ ಮಾಡುವಾಗ ಅಲ್ಲಲ್ಲಿ ಕೆಂಪು ಚುಕ್ಕೆ ಏಳುವುದನ್ನು ನೋಡಿರುತ್ತೀರಿ. ಸೋಡಾದ ಕಾಳು ಕರಗದೆ ಕೂತ ಜಾಗ ಅದು. ಹಬೆಯಲ್ಲಿ ಬೆಂದಾಗ ಆ ಕಾಳು ಇನ್ನೂ ಜೋರಾದ ಕ್ಷಾರವಾಗಿ ಸುತ್ತಲಿನ ಅರಿಶಿನವನ್ನು ಕೆಂಪಗೆ ಮಾಡಿರುತ್ತದೆ. ಅದಕ್ಕೇ ಸೋಡಾವನ್ನು ಒಣ ಹಿಟ್ಟಿನ ಜೊತೆ ಎರಡು ಸಲ ಜರಡಿ ಹಿಡಿಯಬೇಕು.

ಇನ್ನು ಅಳತೆ. ಚೆನ್ನಾಗಿ ಹುಳಿ ಬಂದ ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ನೂರಕ್ಕೆ 1 ಪಾಲಿನ ಆಸುಪಾಸು. ಲೆಕ್ಕ ಹಾಕಿದರೆ 240 ಮಿಲಿಯ ಒಂದು ಕಪ್ ಮೊಸರು ಅರ್ಧ ಟೀ ಚಮಚ ಸೋಡಾವನ್ನು ಮುಗಿಸುತ್ತದೆ. ಅಷ್ಟೇ. ಇವತ್ತು ಬೆಳಿಗ್ಗೆ ಹೆಪ್ಪಾದ ಸಿಹಿ ಮೊಸರು ಅಷ್ಟನ್ನು ಮುಗಿಸಲಾರದು. ಮಳೆಗಾಲದ ಚಳಿಗೆ ಮೊಸರು ಬೇಗ ಹುಳಿಯಾಗುವುದಿಲ್ಲ, ಹಾಗಾಗಿ ಆಗ ನಾನು ಹಿಂದಿನ ದಿನದ್ದನ್ನೇ ಬಳಸುತ್ತೇನೆ.

ವಿನೆಗರ್ ವಿಷಯದಲ್ಲಿ ನನಗೆ ಸ್ವಲ್ಪ ಸಿಟ್ಟಿದೆ. "ಒಂದು ಟೀ ಚಮಚ ಸೋಡಾ, ಒಂದು ಟೇಬಲ್ ಚಮಚ ವಿನೆಗರ್" ಅಂತ ಎಷ್ಟೋ ರೆಸಿಪಿಗಳಲ್ಲಿ ಬರೆದಿರುತ್ತಾರೆ. ಶೇಕಡಾ 4ರ ವಿನೆಗರ್ 15 ಮಿಲಿ ಹಾಕಿದರೆ ಅದರಲ್ಲಿರುವ ಆಮ್ಲ 0.6 ಗ್ರಾಂ. ಅದು ಮುಗಿಸುವುದು ಒಂದು ಗ್ರಾಂಗಿಂತ ಕಡಿಮೆ ಸೋಡಾವನ್ನು, ಅಂದರೆ ಟೀ ಚಮಚದ ಐದರಲ್ಲಿ ಒಂದು ಪಾಲೂ ಇಲ್ಲ. ಮೊಸರೋ ಕೋಕೋವೋ ಜೊತೆಗಿದ್ದರೆ ಸರಿ, ಇಲ್ಲದಿದ್ದರೆ ಉಳಿದ ಸೋಡಾ ಎಲ್ಲಿಗೆ ಹೋಗಬೇಕು? ಗಿರಾಕಿಯ ನಾಲಿಗೆಗೆ.

ಬೇಕಿಂಗ್ ಪೌಡರ್‌ನಲ್ಲಿ ಈ ತಲೆನೋವಿಲ್ಲ. ಸೋಡಾ, ಅದಕ್ಕೆ ತಕ್ಕಷ್ಟು ಪುಡಿ ರೂಪದ ಆಮ್ಲ, ಎರಡೂ ಡಬ್ಬದಲ್ಲೇ ಜಗಳವಾಡದಂತೆ ತೇವ ಹೀರಲು ಜೋಳದ ಪಿಷ್ಟ. 1843ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಇಂಥದ್ದೊಂದು ಪುಡಿ ಮಾಡಿದ್ದು ಯೀಸ್ಟ್ ಒಗ್ಗದ ಹೆಂಡತಿಗಾಗಿ. ಡಬಲ್ ಆಕ್ಟಿಂಗ್ ಅಂತ ಬರೆದಿರುವ ಪೌಡರ್‌ಗಳಲ್ಲಿ ಒಂದು ಆಮ್ಲ ಹಿಟ್ಟು ಒದ್ದೆಯಾದ ಕೂಡಲೇ ಕೆಲಸ ಮಾಡುತ್ತದೆ, ಇನ್ನೊಂದು ಓವನ್ನಿನ ಬಿಸಿಗೆ ಕಾಯುತ್ತದೆ. ಹಾಲು, ಸಕ್ಕರೆ, ಬೆಣ್ಣೆ ಮಾತ್ರ ಇರುವ ಕೇಕಿಗೆ ಪೌಡರೇ ಸರಿ. ಒಂದು ಕಪ್ ಮೈದಾಕ್ಕೆ ಒಂದರಿಂದ ಒಂದೂಕಾಲು ಟೀ ಚಮಚ ಸಾಕು. ಗ್ಯಾಸ್ ಕೊಡುವುದರಲ್ಲಿ ಸೋಡಾ ಇದರ ಮೂರು ಪಟ್ಟು ಜೋರು.

ಜಾಸ್ತಿ ಹಾಕಿದರೆ ಜಾಸ್ತಿ ಉಬ್ಬುತ್ತದೆ ಅಂದುಕೊಳ್ಳಬೇಡಿ. ಗ್ಯಾಸ್ ಹೊಸ ಗುಳ್ಳೆ ಮಾಡುವುದಿಲ್ಲ. ನೀವು ಬೆಣ್ಣೆ ಸಕ್ಕರೆ ಗೊಟಾಯಿಸುವಾಗ ಸೇರಿದ ಗಾಳಿಯ ಗುಳ್ಳೆಗಳನ್ನೇ ದೊಡ್ಡದು ಮಾಡುತ್ತದೆ. ಅತಿಯಾದರೆ ಗುಳ್ಳೆಗಳು ಒಂದಕ್ಕೊಂದು ಸೇರಿ ಒಡೆದು, ಹಿಟ್ಟು ಗಟ್ಟಿಯಾಗುವ ಮೊದಲೇ ನಡುಭಾಗ ಕುಸಿಯುತ್ತದೆ.

ಮೊಸರಿನ ಕೇಕಿಗೆ ನಾನು ಎರಡನ್ನೂ ಹಾಕುತ್ತೇನೆ. ಸೋಡಾ ಮೊಸರಿನ ಹುಳಿಯನ್ನು ಕಡಿಮೆ ಮಾಡಿ ಮೇಲ್ಭಾಗಕ್ಕೆ ಒಳ್ಳೆ ಕಂದು ಬಣ್ಣ ತರುತ್ತದೆ. ಉಬ್ಬಲು ಬೇಕಾದ ಬಾಕಿ ಬಲ ಪೌಡರ್‌ನದ್ದು.

ಮಂಗಳೂರು ಬನ್ಸ್ ಕಥೆ ಬೇರೆ. ಅಲ್ಲಿ ಪೌಡರ್ ಬೇಡವೇ ಬೇಡ. ಬಾಳೆಹಣ್ಣು, ಸಕ್ಕರೆ, ಹುಳಿ ಮೊಸರು, ಸೋಡಾ ಸೇರಿಸಿ ಮೈದಾ ಕಲಸಿ ರಾತ್ರಿಯಿಡೀ ಬಿಡುತ್ತೇವೆ. ಮೊಸರಿನ ಬ್ಯಾಕ್ಟೀರಿಯಾ ಅಷ್ಟು ಹೊತ್ತೂ ಹುಳಿ ಮಾಡುತ್ತಲೇ ಇರುತ್ತದೆ. ಸೋಡಾ ಸ್ವಲ್ಪ ಮುಂದೆ ಇದ್ದರೆ ಬನ್ಸ್‌ಗೆ ಆ ಗಾಢ ಕಂದು ಬಣ್ಣ. ಕ್ಷಾರ ಇದ್ದಲ್ಲಿ ಸಕ್ಕರೆ ಮತ್ತು ಪ್ರೋಟೀನ್ ಸೇರಿ ಬೇಗ ಕಂದಾಗುತ್ತವೆ. ಗೋಳಿಬಜೆಯಲ್ಲಿ ಮಾತ್ರ ಕೈ ಹಿಡಿದು ಹಾಕಿ. ಅಲ್ಲಿ ಸೋಡಾ ಹೆಚ್ಚಾದರೆ ಎಣ್ಣೆ ಕುಡಿಯುತ್ತದೆ.

ಈನೋ ಕೂಡ ಸೋಡಾ ಮತ್ತು ಸಿಟ್ರಿಕ್ ಆಮ್ಲವೇ. ಆದರೆ ಅದಕ್ಕೆ ತಡೆಯುವ ಗುಣವಿಲ್ಲ, ಇರುವ ಗ್ಯಾಸೆಲ್ಲ ಒಂದೇ ಸಲಕ್ಕೆ. ರವೆ ಇಡ್ಲಿಗೆ ಹಾಕುವುದಾದರೆ ಮೊದಲು ಇಡ್ಲಿ ಪಾತ್ರೆಯ ನೀರು ಕುದಿಯಲಿ, ತಟ್ಟೆಗೆ ಎಣ್ಣೆ ಸವರಿಟ್ಟಿರಲಿ.

ಕೊನೆಗೆ ನಮ್ಮೂರಿನ ಮಳೆ. ಜೂನ್ ಬಂತೆಂದರೆ ಗಾಳಿಯ ತೇವಕ್ಕೇ ಬೇಕಿಂಗ್ ಪೌಡರ್ ಡಬ್ಬದೊಳಗೆ ಕೆಲಸ ಮುಗಿಸಿಬಿಡುತ್ತದೆ. ನಾನು ಚಿಕ್ಕ ಡಬ್ಬವನ್ನೇ ತರುತ್ತೇನೆ, ಒದ್ದೆ ಚಮಚ ತಾಗಿಸುವುದಿಲ್ಲ. ಆರ್ಡರ್ ಹಿಡಿಯುವ ಮೊದಲು ಅರ್ಧ ಚಮಚ ಪೌಡರ್ ಮೇಲೆ ಬಿಸಿನೀರು ಹೊಯ್ದು ನೋಡುತ್ತೇನೆ. ಜೋರಾಗಿ ನೊರೆ ಬರಬೇಕು. ಸೋಡಾ ಆದರೆ ನಿಂಬೆರಸ ಹಿಂಡಿ ನೋಡಿದರೆ ಸಾಕು. ಹಳತಾದ ಸೋಡಾ ಸಿಂಕ್ ತಿಕ್ಕಲು ಬರುತ್ತದೆ. ಹಳತಾದ ಪೌಡರ್ ಅದಕ್ಕೂ ಬರುವುದಿಲ್ಲ, ಪಿಷ್ಟ ಇರುವುದರಿಂದ ಅಂಟಂಟಾಗುತ್ತದೆ.